ವರಾಲ್ ಮರಿಗಳಿಗೆ ನಾಲ್ಕು ಬೆರಳು ಗಾಳಿ

ಆಗ ಪೆರ್ಲದ ನಮ್ಮ ಗದ್ದೆಬದಿಯಲ್ಲಿ ಹರಿಯುವ ತೋಡಿಗೆ ಎರಡೂ ಕಡೆ ಮಣ್ಣಿನ ದಂಡೆಯಿತ್ತು. ಮಳೆ ಹಿಡಿದು ಕೆಲವು ದಿನಗಳಾದ ಮೇಲೆ ನೀರಿನ ಮೇಲೆ ಕುಂಕುಮ ಚೆಲ್ಲಿದಂತೆ ಕೆಂಪಗಿನ ಒಂದು ಗುಂಪು ತೇಲುತ್ತಿತ್ತು. ಅವು ವರಾಲ್ ಮೀನಿನ ಮರಿಗಳು. ಹಾವಿನಂಥ ತಲೆಯ ತಾಯಿ ಕೆಳಗೇ ಕಾವಲಿರುತ್ತಿತ್ತು.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಮಾವ, ಎಂದರೆ ಅಮ್ಮನ ಅಣ್ಣ, ಆ ತಾಯಿಯನ್ನು ಗಾಳ ಹಾಕಿ ಹಿಡಿದರು. ಅಮ್ಮ ಕೊತ್ತಂಬರಿ, ಮೆಣಸು ಹುರಿದು, ತೆಂಗಿನಕಾಯಿ ಅರೆದು ಸಾರು ಮಾಡಿದಳು. ನಾನು ಎರಡು ತುಂಡು ತಿಂದೆ. ರುಚಿಯಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಮರುದಿನ ಶಾಲೆಗೆ ಹೋಗುವಾಗ ಮರಿಗಳು ಅದೇ ಜಾಗದಲ್ಲಿ ಸುತ್ತುತ್ತಿದ್ದವು. ಕೆಳಗೆ ಯಾರೂ ಇರಲಿಲ್ಲ. ಸಂಜೆ ಬರುವಷ್ಟರಲ್ಲಿ ಗುಂಪು ಅರ್ಧವಾಗಿತ್ತು. ಬುತ್ತಿಯ ಡಬ್ಬಿಯಲ್ಲಿ ಏಳನ್ನು ಗೋರಿ ತಂದೆ.

ಅಪ್ಪನ ಟೈಲರ್ ಅಂಗಡಿಯಲ್ಲಿ ಮೀನಿನ ಗಾಜಿನ ತೊಟ್ಟಿಯೊಂದು ಖಾಲಿ ಬಿದ್ದಿತ್ತು. ಅಪ್ಪ ಅದನ್ನು ತೊಳೆದು, ಬಾವಿ ನೀರನ್ನು ಅಂಚಿನವರೆಗೆ ತುಂಬಿಸಿ, ಮರಿಗಳು ಹಾರಿ ಬೀಳದಂತೆ ಮೇಲೆ ಗಾಜು ಮುಚ್ಚಿದರು. ಬೆಳಿಗ್ಗೆ ನೋಡಿದರೆ ಎರಡು ಸತ್ತಿದ್ದವು.

“ಇದು ಸಾಕುವ ಮೀನಲ್ಲ ಮಾರಾಯ್ತಿ, ಸಾರಿನ ಮೀನು,” ಎಂದರು ಮಾವ.

ಅಂದು ಶಾಲೆಗೆ ರಜೆಯಿತ್ತು. ಸ್ಟೂಲು ಹಾಕಿಕೊಂಡು ತೊಟ್ಟಿಯ ಮುಂದೆ ಕುಳಿತೆ. ಪ್ರತಿ ಮರಿಯೂ ಆಗಾಗ ಮೇಲೆ ಬಂದು, ಮುಚ್ಚಿದ ಗಾಜಿಗೆ ಮೂತಿ ತಾಗಿಸಿ, ಉದ್ದಕ್ಕೂ ತಡಕಾಡಿ ಕೆಳಗಿಳಿಯುತ್ತಿತ್ತು. ಎಷ್ಟು ಹೊತ್ತಿಗೊಮ್ಮೆ ಬರುತ್ತವೆಂದು ಗೋಡೆ ಗಡಿಯಾರ ನೋಡಿ ನೋಟ್‌ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡೆ. ಮಧ್ಯಾಹ್ನಕ್ಕೆ ನನಗೆ ಖಾತ್ರಿಯಾಯಿತು: ಇವಕ್ಕೆ ಗಾಳಿ ಸಿಗುತ್ತಿಲ್ಲ.

ಮಾವ ನಕ್ಕರು. “ಮೀನು ನೀರಲ್ಲಿ ಮುಳುಗಿ ಸಾಯುದುಂಟಾ? ಶಾಲೆಯಲ್ಲಿ ಹೇಳಬೇಡ, ನಾಲ್ಕನೇ ಕ್ಲಾಸಿಗೆ ಹಾಕಿಯಾರು.”

ನಾನು ಚೆಂಬಿನಿಂದ ನೀರು ತೆಗೆದು ನಾಲ್ಕು ಬೆರಳಷ್ಟು ಇಳಿಸಿದೆ. ಗಾಜು ಎತ್ತಿ, ಅಪ್ಪ ಫ್ರಾಕಿಗೆಂದು ತಂದಿಟ್ಟಿದ್ದ ಬಲೆಬಟ್ಟೆಯನ್ನು ಎಳೆದು ಇಲಾಸ್ಟಿಕ್ಕಿನಿಂದ ಬಿಗಿದೆ. ಒಂದು ಮರಿ ಮೇಲೆ ಬಂತು. ‘ಪುಚ್’ ಎಂಬ ಸಣ್ಣ ಸದ್ದು. ಗಾಳಿ ನುಂಗಿ ಕೆಳಗಿಳಿಯಿತು. ಹಿಂದೆಯೇ ಇನ್ನೊಂದು. ಆ ಸದ್ದು ಮಾವನಿಗೂ ಕೇಳಿಸಿತು.

ಮತ್ತೆ ನನ್ನ ಮಳೆಗಾಲವೆಲ್ಲ ಅವಕ್ಕೇ ಹೋಯಿತು. ತೋಟದ ತೆಂಗಿನ ಚಿಪ್ಪುಗಳಲ್ಲಿ ನಿಂತ ನೀರಿನಿಂದ ಸೊಳ್ಳೆಮರಿ ಸೋಸಿ ತರುತ್ತಿದ್ದೆ; ಆ ಕೊಳೆತ ವಾಸನೆ ಬೆರಳಿನಿಂದ ಹೋಗುತ್ತಿರಲಿಲ್ಲ. ಒಂದು ದಿನ ದೊಡ್ಡದು ಚಿಕ್ಕದನ್ನು ನುಂಗಿತು. ಆ ದೊಡ್ಡದನ್ನು ಬಕೆಟ್ಟಿಗೆ ಹಾಕಿ ಬೇರೆ ಇಟ್ಟೆ. ಒಟ್ಟು ನಾಲ್ಕು ಉಳಿದವು. ದೀಪಾವಳಿಯ ಹೊತ್ತಿಗೆ ಕೆಂಪು ಹೋಗಿ ಕಪ್ಪು ಪಟ್ಟೆ ಬಂದು, ನನ್ನ ಅಂಗೈಯಷ್ಟು ಉದ್ದವಾಗಿದ್ದವು.

ಹಬ್ಬಕ್ಕೆ ಬಂದ ಮಾವ ತೊಟ್ಟಿಗೆ ಬಗ್ಗಿ, ಹುರಿಯಲು ಹದವಾಗಿದೆ ಎಂದರು. ನಾನು ಅಪ್ಪನ ಮರದ ಅಳತೆಕೋಲು ಹಿಡಿದು ಅಡ್ಡ ನಿಂತೆ. ಮಾವ ಅಪ್ಪನ ಮುಖ ನೋಡಿದರು. ಅಪ್ಪ ಮೆಶಿನ್ ತುಳಿಯುವುದನ್ನು ನಿಲ್ಲಿಸಲಿಲ್ಲ.

“ನನ್ನನ್ನು ಕೇಳಬೇಡಿ ಭಾವ. ಮೀನು ಅವಳದ್ದು.”

“ತಾಯಿಯನ್ನು ತಿಂದವಳಿಗೆ ಮಕ್ಕಳ ಮೇಲೆ ಎಂತ ಕನಿಕರ?”

“ತಿಂದಿದ್ದೇನೆ ಮಾವ. ಅದಕ್ಕೇ ಕೊಡುದಿಲ್ಲ.”

ಮರುದಿನ ನಾಲ್ಕನ್ನೂ ಬಕೆಟ್ಟಿನಲ್ಲಿ ಒಯ್ದು, ಹಿಡಿದ ಜಾಗದಲ್ಲೇ ತೋಡಿಗೆ ಬಿಟ್ಟೆ.

ಈಗ ಆ ತೋಡಿಗೆ ಎರಡೂ ಬದಿ ಕಾಂಕ್ರೀಟು. ಮೊಟ್ಟೆ ಇಡಲು ಹುಲ್ಲಿಲ್ಲ, ಪಕ್ಕದಲ್ಲಿ ಗದ್ದೆಯೂ ಇಲ್ಲ. ವರಾಲ್ ಎಂದರೆ ಸಾಕಿ ಪೇಟೆಯಲ್ಲಿ ಮಾರುವ ಮೀನೆಂದಷ್ಟೇ ಊರಿನ ಮಕ್ಕಳಿಗೆ ಗೊತ್ತು. ಪತ್ರಿಕೆಯ ಕೆಲಸಕ್ಕೆ ಸೇರಿದ ಮೇಲೂ ಪ್ರತಿ ಮಳೆಗಾಲ ಊರಿಗೆ ಹೋಗಿ ತೋಡು ದಾಟುವ ಸಂಕದ ಮೇಲೆ ನಿಲ್ಲುತ್ತೇನೆ. ಇನ್ನು ಎಂತ ನೋಡುದು, ಬಾ ಎನ್ನುತ್ತಾರೆ ಮಾವ. ಕೆಂಪು ಗುಂಪು ಈ ವರ್ಷವೂ ಕಂಡಿಲ್ಲ. ನನ್ನ ನೋಟ್‌ಪುಸ್ತಕದಲ್ಲಿ ‘ಕಾಣಲಿಲ್ಲ’ ಎಂದು ಬರೆದಿದ್ದೇನೆ. ‘ಇಲ್ಲ’ ಎಂದು ನಾನು ಬರೆಯುವುದಿಲ್ಲ.