ಒಂದು ನಿಮಿಷ ಹನ್ನೆರಡನೇ ಸೆಕೆಂಡು

ಅಮ್ಮನ ಕೈ ಚಕ್ರದ ಮುಂದಿತ್ತು. ಇವತ್ತಿಗೂ ಹಲ್ಲುಜ್ಜುವಾಗ, ರಾಜಾಜಿನಗರದ ಕಾಲೇಜಿನ ಲೈಬ್ರರಿಯಲ್ಲಿ ಕೂತು ಪುಸ್ತಕಗಳಿಗೆ ಮೊಹರು ಒತ್ತುವಾಗ, ಇದ್ದಕ್ಕಿದ್ದ ಹಾಗೆ ಆ ಕೈ ಕಣ್ಣೆದುರು ಬರುತ್ತದೆ. ನಾಲ್ಕು ಹಸಿರು ಬಳೆ, ಬೆರಳ ತುದಿಯಲ್ಲಿ ಒಂದು ನಿಂಬೆಹಣ್ಣು. ಆಮೇಲೆ ಕಾರು ನೆಗೆಯುತ್ತದೆ. ಅಮ್ಮನಿಗೆ ಏನೂ ಆಗಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಈಗ ಒಳಗೆ ಚಪಾತಿ ಲಟ್ಟಿಸುತ್ತಾ ಗ್ಯಾಸ್ ಸ್ಟೌವನ್ನು ಬೈಯುತ್ತಿದ್ದಾಳೆ. ಆದರೆ ಅವಳಿಗೆ ಏನೂ ಆಗಲಿಲ್ಲ ಎನ್ನುವ ಸುದ್ದಿ ನನ್ನ ಎದೆಗೆ ಇನ್ನೂ ತಲುಪಿದಂತಿಲ್ಲ.

ಆವತ್ತು ಆಯುಧಪೂಜೆ. ಶ್ರೀಗಂಧದ ಕಾವಲಿನ ನಮ್ಮ ಮನೆಯ ಮುಂದೆ ಅಪ್ಪನ ಕಾರು ಮಿಂದು, ಚೆಂಡುಹೂವಿನ ಹಾರ ಹಾಕಿಸಿಕೊಂಡು, ಬಾಳೆಕಂದು ಕಟ್ಟಿಸಿಕೊಂಡು ಮದುವೆ ಗಂಡಿನ ಹಾಗೆ ನಿಂತಿತ್ತು. ಅಪ್ಪ ಬದುಕಿಡೀ ಸ್ಕೂಟರ್ ಓಡಿಸಿದವನು. ನಿವೃತ್ತಿಯಾದ ಮೇಲೆ ಅಮ್ಮನ ಮಂಡಿನೋವು ಜಾಸ್ತಿಯಾಗಿ, ಅವಳು ಸ್ಕೂಟರ್ ಹತ್ತುವುದೇ ಕಷ್ಟವಾದಾಗ, ಡ್ರೈವಿಂಗ್ ಕಲಿತು ಹಳೆಯ ಕಾರೊಂದನ್ನು ಕೊಂಡ. ಕ್ಲಚ್ಚಿಲ್ಲ, ಗೇರ್ ಬದಲಿಸುವ ಗೊಡವೆಯಿಲ್ಲ. ಕಾಲಿಗೆ ಎರಡೇ ಕೆಲಸ, ಒಂದು ಬ್ರೇಕು, ಇನ್ನೊಂದು ಆಕ್ಸಿಲರೇಟರು. ವಾರಕ್ಕೆರಡು ಸಲ ಅಮ್ಮನನ್ನು ವಿಜಯನಗರದ ಫಿಸಿಯೋಥೆರಪಿಗೆ, ತಿಂಗಳಿಗೊಮ್ಮೆ ಕೆಂಗೇರಿಯ ದೊಡ್ಡಮ್ಮನ ಮನೆಗೆ ತಾನೇ ಕರೆದುಕೊಂಡು ಹೋಗುವುದು ಅಪ್ಪನ ಹೊಸ ಉದ್ಯೋಗ. ಮಗನನ್ನೂ ಮಗಳನ್ನೂ ಆಟೋದವನನ್ನೂ ಕಾಯಬೇಕಾಗಿಲ್ಲ ಎಂದು ಎಲ್ಲರ ಹತ್ತಿರ ಹೇಳಿಕೊಳ್ಳುತ್ತಿದ್ದ.

ಪೂಜೆಯಾದ ಮೇಲೆ ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣಿಟ್ಟು, ಗಾಡಿಯನ್ನು ಮುಂದಕ್ಕೆ ಬಿಟ್ಟು ಅವುಗಳನ್ನು ಅಪ್ಪಚ್ಚಿ ಮಾಡಬೇಕಲ್ಲ. ಅದನ್ನು ನಾನು ಫೋನಿನಲ್ಲಿ ಹಿಡಿಯುತ್ತಿದ್ದೆ. ಗಾಡಿಯ ಹಿಂದೆ, ಎಡಕ್ಕೆ, ನಮ್ಮ ಗೇಟಿನ ಹತ್ತಿರ ನಿಂತಿದ್ದೆ. ಮುಂದಿನ ಎಡ ಚಕ್ರಕ್ಕೆ ನಿಂಬೆಹಣ್ಣಿಡಲು ಅಮ್ಮ ಬಗ್ಗಿದ್ದಳು. ಇಂಜಿನ್ ಕಿರುಚಿತು. ಅಮ್ಮ ಕೈ ಎಳೆದುಕೊಂಡು ಮೋರಿಯ ಚಪ್ಪಡಿ ಮೇಲೆ ಕುಕ್ಕರಿಸಿದಳು. ಕಾರು ಅವಳ ಸೆರಗಿನ ತುದಿಯನ್ನು ತುಳಿದು, ಹಾರಿ ಹೋಗಿ, ಪಕ್ಕದ ಮನೆಯವರು ಮಹಡಿ ಕಟ್ಟಿಸಲು ತರಿಸಿದ್ದ ಮರಳಿನ ಗುಡ್ಡೆ ಹತ್ತಿ ನಿಂತಿತು. ಮೂಗು ಮೇಲೆ, ಬಾಳೆಕಂದು ಕೆಳಗೆ. ಗಾಡಿಗೆ ಒಂದು ಗೀರೂ ಇಲ್ಲ.

ಅಮ್ಮನ ಮೊದಲ ಮಾತು, "ನಿಂಬೆಹಣ್ಣು ಒಡೀತಾ?"

ತಮ್ಮ ಹೋಗಿ ಅಪ್ಪನನ್ನು ಇಳಿಸಿದ, ಕೀ ಕಿತ್ತುಕೊಂಡ. ಅದನ್ನು ಎಲ್ಲಿಟ್ಟನೋ ಅಪ್ಪನಿಗೆ ಹೇಳಲಿಲ್ಲ. (ರಾಗಿಹಿಟ್ಟಿನ ಡಬ್ಬದಲ್ಲಿಟ್ಟಿದ್ದ. ಎರಡನೇ ದಿನ ಅಮ್ಮ ಮುದ್ದೆಗೆ ಹಿಟ್ಟು ತೆಗೆಯುವಾಗ ಸಿಕ್ಕಿತು. ಅವಳೂ ಹೇಳಲಿಲ್ಲ.)

"ಗಾಡಿ ಹೊರಟ ತಕ್ಷಣ ನಾನು ಒತ್ತಿದ್ದು ಬ್ರೇಕೇ ಕಣೋ," ಎಂದ ಅಪ್ಪ. "ಗಾಡಿ ಕೇಳಲಿಲ್ಲ."

"ಬ್ರೇಕ್ ಒತ್ತಿದ್ರೆ ಗಾಡಿ ಮರಳು ಗುಡ್ಡೆ ಹತ್ತುತ್ತಾ ಅಪ್ಪ? ಸಾಕು. ಮಾರ್ಬಿಡೋಣ."

ಎರಡು ದಿನ ಮನೆಯಲ್ಲಿ ಇದೇ. ಅಪ್ಪ ಊಟ ಕಡಿಮೆ ಮಾಡಿದ. ಅಮ್ಮನನ್ನು ಆಟೋದಲ್ಲಿ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗಿ ಬಂದು, ಮುಖ ಗಂಟಿಕ್ಕಿಕೊಂಡು ಪೇಪರಿನ ಹಿಂದೆ ಕೂತ. ನಾನು ಸಿಕ್ಕ ಸಿಕ್ಕ ಹೊತ್ತಲ್ಲಿ ಫೋನು ತೆಗೆದು ವಿಡಿಯೋ ನೋಡುತ್ತಿದ್ದೆ. ಯಾವಾಗಲೂ ಒಂದು ನಿಮಿಷ ಹನ್ನೆರಡನೇ ಸೆಕೆಂಡಿನಿಂದ. ಅಲ್ಲಿಂದ ಬಳೆ, ನಿಂಬೆಹಣ್ಣು, ನೆಗೆತ. ನೋಡುವುದು, ನಿಲ್ಲಿಸುವುದು, ಮತ್ತೆ ನೋಡುವುದು. ಬಸ್ಸಿನಲ್ಲಿ ಪಕ್ಕದ ಆಂಟಿಯೊಬ್ಬರು "ಸೀರಿಯಲ್ಲಾ ಅಮ್ಮಾ?" ಎಂದು ಕೇಳಿದರು.

ಮೂರನೇ ದಿನ ಭಾನುವಾರ, ತಿಂಡಿ ಮುಗಿಸಿ ಅಪ್ಪ ಪೇಪರ್ ಮಡಚಿಟ್ಟು ಹೇಳಿದ:

"ಬ್ರೇಕ್ ಒತ್ತಿದ್ರೆ ಹಿಂದೆ ಕೆಂಪು ದೀಪ ಹತ್ತಲೇಬೇಕು. ಪುಟ್ಟಿ ಹಿಂದ್ಗಡೆಯಿಂದಾನೇ ವಿಡಿಯೋ ತೆಗ್ದಿದ್ದಾಳೆ. ಕಂಪ್ಯೂಟರಿಗೆ ಹಾಕಿ, ದೊಡ್ದಾಗಿ ನೋಡಿ. ದೀಪ ಹತ್ತಿದ್ರೆ ನನ್ನ ಕೀ ನನಗೆ. ಹತ್ತಿಲ್ಲ ಅಂದ್ರೆ ಇವತ್ತೇ ಮಾರು, ನಾನು ಕಮಕ್ ಕಿಮಕ್ ಅನ್ನಲ್ಲ."

ಫೋನಿನಲ್ಲಿ ಆ ದೀಪ ಸಾಸಿವೆ ಕಾಳಿನಷ್ಟು. ಅದರ ಮೇಲೆ ಬೇರೆ ಹಾರದ ನೆರಳು. ಮೆಸೇಜಿನಲ್ಲಿ ಕಳಿಸಿದರೆ ಇನ್ನಷ್ಟು ಮಸುಕಾಗುತ್ತದೆ. ವೈರ್ ಹಾಕಿ ಇದ್ದದ್ದು ಇದ್ದ ಹಾಗೆ ಇಳಿಸಿಕೊಳ್ಳುವುದೇ ಸರಿ ಎಂದು ಹಾಲಿನ ಮೂಲೆಯ ಕಂಪ್ಯೂಟರಿನ ಮುಂದೆ ಕೂತೆವು. ಮೇಜಿನ ಕೆಳಗಿನ ಸಿಪಿಯು ಡಬ್ಬದ ಮುಂಭಾಗದಲ್ಲಿದ್ದ ತೂತಿಗೆ ವೈರ್ ಚುಚ್ಚಲು ಹೋದರೆ ಒಳಗೇ ಹೋಗುವುದಿಲ್ಲ. ಬಗ್ಗಿ ಟಾರ್ಚ್ ಬಿಟ್ಟೆ. ಎರಡೂ ತೂತುಗಳ ಒಳಗೆ ಗಂಧ ಒಣಗಿ ಕಲ್ಲಾಗಿತ್ತು, ಅದರ ಮೇಲೆ ಕುಂಕುಮ.

"ಅಮ್ಮಾ! ಕಂಪ್ಯೂಟರಿಗೆ ಎಲ್ಲಿ ಬೊಟ್ಟಿಟ್ಟೆ?"

"ಎಲ್ಲಿಡೋದು ಗೊತ್ತಾಗ್ಲಿಲ್ಲ ಕಣೇ," ಅಡುಗೆಮನೆಯಿಂದ ಉತ್ತರ ಬಂತು. "ಎರಡು ಕಣ್ಣಿದ್ದ ಹಾಗಿತ್ತು. ಕಣ್ಣಿಗೆ ಗಂಧ ಹಚ್ಚಿದ್ರೆ ತಂಪು ಅಂತ ಹಚ್ಚಿದೆ."

ತಮ್ಮ ನೆಲದ ಮೇಲೆ ಹೊರಳಾಡಿ ನಕ್ಕ. ಅಪ್ಪನೂ ನಗುತ್ತಿದ್ದನೇನೋ, ಆದರೆ ತನ್ನ ಸಾಕ್ಷಿ ಗಂಧದಲ್ಲಿ ಮುಚ್ಚಿಹೋಗಿದೆ ಎಂಬ ಗಾಬರಿ. "ಹಿಂದ್ಗಡೆ ಇಲ್ವೇನೋ ತೂತು?" ಎಂದ. ಇತ್ತು. ಆದರೆ ಡಬ್ಬವನ್ನು ಗೋಡೆಯಿಂದ ಸರಿಸಲು ಜಾಗವಿಲ್ಲ, ವೈರ್ ಮೊಳದುದ್ದ. ಫೋನು ಗಾಳಿಯಲ್ಲೇ ಇರಬೇಕು, ಯಾರಾದರೂ ಹಿಡಿದುಕೊಂಡಿರಬೇಕು. ಅಪ್ಪ ಮೇಜಿನ ಕೆಳಗೆ ನುಗ್ಗಿ ಚಕ್ಕಳಮಕ್ಕಳ ಹಾಕಿ, ಎರಡೂ ಕೈಯಲ್ಲಿ ಫೋನನ್ನು ಮಂಗಳಾರತಿ ತಟ್ಟೆಯ ಹಾಗೆ ಹಿಡಿದು ಕೂತ.

ಆದರೂ ಕಂಪ್ಯೂಟರಿಗೆ ಫೋನು ಕಾಣದು.

"ಅಪ್ಪಾ, ಫೋನಲ್ಲಿ ಏನೋ ಕೇಳ್ತಿರ್ಬೇಕು ನೋಡು."

"ಚಾರ್ಜಿಂಗ್ ಮಾತ್ರ ಅಂತಿದೆ."

"ಅದಲ್ಲ. ಅದರ ಕೆಳಗೆ ಫೈಲ್ ಟ್ರಾನ್ಸ್‌ಫರ್ ಅಂತಿರುತ್ತೆ, ಅದನ್ನ ಒತ್ತು."

"ಅಕ್ಕಾ, ಸರಿಯಾದ್ದನ್ನೇ ಒತ್ತಿದ್ನಾ ನೋಡು," ಎಂದ ತಮ್ಮ.

"ಲೇ, ನಾನು ಈಚೆ ಬಂದೆ ಅಂದ್ರೆ!" ಎಂದಿತು ಮೇಜಿನ ಕೆಳಗಿನ ಧ್ವನಿ.

ಫೋನಿನ ಹೆಸರು ಪರದೆಯ ಮೇಲೆ ಬಂತು. ತೆರೆದು, ಕ್ಯಾಮೆರಾದ ಚಿತ್ರಗಳಿರುವ ಫೋಲ್ಡರಿಗೆ ಹೋದರೆ ಸಾವಿರಗಟ್ಟಲೆ ಫೋಟೋ. ಅಮ್ಮನ ರಂಗೋಲಿ, ಲೈಬ್ರರಿಯ ಗೆದ್ದಲು ತಿಂದ ಕಪಾಟು, ಬಾಯಿ ತೆರೆದು ನಿದ್ದೆ ಹೋದ ಅಪ್ಪ ನಾಲ್ಕು ಕೋನದಲ್ಲಿ. ಕೊನೆಗೆ ಆ ವಿಡಿಯೋ. ಒಂದೇ ಕಡೆ ಇದ್ದರೆ ಕಳೆದುಹೋದೀತೆಂದು ಕಟ್ ಮಾಡಿ ಹಾಕದೆ, ಕಾಪಿ ಮಾಡಿ ಹಾಕಿದೆ. ಹಸಿರು ಪಟ್ಟಿ ಬಸವನಹುಳುವಿನಂತೆ ಹೊರಟಿತು.

"ಎಷ್ಟಾಯ್ತು?"

"ಐವತ್ತು ಪರ್ಸೆಂಟ್."

"ಈಗ?"

"ಎಂಬತ್ತು. ಅಲ್ಲಾಡ್ಬೇಡ ಅಪ್ಪಾ."

"ಕಾಲು ಜೋಮು ಹಿಡೀತಮ್ಮ," ಎಂದು ಅಪ್ಪ ಒಂದು ಚೂರು ಕಾಲು ಚಾಚಿದ. ಟಿಣ್ ಎಂದು ಸದ್ದಾಗಿ ಫೋನು ಮಾಯ, ಪಟ್ಟಿ ಮಾಯ. ಮತ್ತೆ ಮೊದಲಿಂದ. ಎರಡನೇ ಸಲ ಅಪ್ಪ ಉಸಿರೂ ಬಿಡದೆ ಕೂತಿದ್ದ. ನೂರಾಯಿತು ಎಂದಾಗ ಮೇಜಿನಡಿಯಿಂದ ಬಂದ ನಿಟ್ಟುಸಿರಿಗೆ ಕ್ಯಾಲೆಂಡರ್ ಅಲ್ಲಾಡಿತು ಎಂದು ತಮ್ಮ ಈಗಲೂ ಹೇಳುತ್ತಾನೆ.

ಅಮ್ಮ ಕೈ ಒರೆಸಿಕೊಂಡು ಬಂದು ಕುರ್ಚಿಯಲ್ಲಿ ಕೂತಳು. ಅಪ್ಪ ನಿಂತೇ ಇದ್ದ. ನಾನು ಅಭ್ಯಾಸದಂತೆ ಒಂದು ನಿಮಿಷ ಹನ್ನೆರಡಕ್ಕೆ ಎಳೆಯಲು ಹೋದರೆ, "ಮೊದಲಿಂದ ಹಾಕು, ನನ್ನ ಡ್ರೈವಿಂಗ್ ಪೂರ್ತಿ ನೋಡ್ಲಿ," ಎಂದ.

ಮೊದಲಿಂದ ಹಾಕಿದೆ. ದೊಡ್ಡ ಪರದೆಯಲ್ಲಿ ಹಿಂದಿನ ದೀಪ ದಾಸವಾಳದಷ್ಟು ಅಗಲವಾಗಿ ಕಾಣುತ್ತಿತ್ತು. ಕೆಂಪಗೆ ಹತ್ತಿತ್ತು. ಆರಿತು, ಗಾಡಿ ಮೆಲ್ಲಗೆ ತೆವಳಿತು, ಮತ್ತೆ ಹತ್ತಿತು, ಗಾಡಿ ನಿಂತಿತು. ಎಷ್ಟು ನಯ! ಮೂರು ನಿಂಬೆಹಣ್ಣು ಒಡೆದಿದ್ದವು. ನಾಲ್ಕನೆಯದು ಮಾತ್ರ ಚಕ್ರದಿಂದ ಜಾರಿ ಪಕ್ಕಕ್ಕೆ ಉರುಳಿತ್ತು.

"ನೋಡು ಮತ್ತೆ!" ಎಂದು ಅಪ್ಪ ತಮ್ಮನ ಬೆನ್ನಿಗೆ ಬಡಿದ.

ಆಗ ಸ್ಪೀಕರಿನಿಂದ ಒಂದು ಹೆಣ್ಣು ದನಿ ಬಂತು. ಯಾರಿದು ಎಂದುಕೊಂಡೆ. ನನ್ನದೇ.

"ಅಪ್ಪಾ, ಚೆನ್ನಾಗಿ ಬರ್ಲಿಲ್ಲ, ಇನ್ನೊಂದ್ಸಲ! ಈ ಸಲ ಸ್ವಲ್ಪ ಜೋರಾಗಿ ಬಿಡು, ಫಟ್ ಅಂತ ಸದ್ದು ಬರ್ಬೇಕು!"

ಪರದೆಯಲ್ಲಿ ಅಮ್ಮ ಉರುಳಿದ ನಿಂಬೆಹಣ್ಣನ್ನು ಎತ್ತಿಕೊಂಡು ಚಕ್ರದ ಮುಂದೆ ಬಗ್ಗಿದಳು. ಚಿತ್ರ ಒಂದು ಕ್ಷಣ ಆಕಾಶಕ್ಕೆ ಹೋಗಿ ಬಂತು. ನಾನು ಫೋನನ್ನು ಸರಿಯಾಗಿ ಹಿಡಿಯುತ್ತಿದ್ದೆ. ಅದರ ಜೊತೆಗೇ ನನ್ನ ದನಿ, ಖುಷಿಯಿಂದ: "ಹೂಂ, ಬಿಡು ಬಿಡು!"

ಒಂದು ನಿಮಿಷ ಹನ್ನೆರಡನೇ ಸೆಕೆಂಡು ಅದರ ನಂತರ ಬಂತು. ಬಳೆ, ನಿಂಬೆಹಣ್ಣು, ನೆಗೆತ. ಕೆಂಪು ದೀಪ ಆರಿತು, ಮತ್ತೆ ಹತ್ತಲಿಲ್ಲ. ಗಾಡಿ ಮರಳು ಹತ್ತಿ ನಿಂತ ಮೇಲೆ, ಯಾರಿಗೂ ಬೇಡವಾದಾಗ, ಚೆನ್ನಾಗಿ ಹತ್ತಿತು.

ಮೂರು ದಿನ ನಾನು ನೋಡಿದ್ದು ಅಪ್ಪನ ತಪ್ಪನ್ನು. ಅದಕ್ಕೆ ಆರು ಸೆಕೆಂಡು ಮೊದಲು ನನ್ನದಿತ್ತು, ಅಲ್ಲಿಗೆ ನಾನು ಹೋಗಿಯೇ ಇರಲಿಲ್ಲ. ಅಮ್ಮನ ಕೈ ಅಲ್ಲಿದೆಯೋ ಇಲ್ಲವೋ ನೋಡದೆ ಹೂಂ ಎಂದವಳು ನಾನು.

ಅಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದ. "ಮಾರ್ಬಿಡಪ್ಪ," ಎಂದ ತಮ್ಮನಿಗೆ. "ನಾನು ಒತ್ತಿದ್ದು ಬ್ರೇಕೇ ಅಂತ ಆಣೆ ಮಾಡ್ತಿದ್ದೆ. ಕಾಲು ಸುಳ್ಳು ಹೇಳುತ್ತೆ ಅಂತ ಗೊತ್ತಿರ್ಲಿಲ್ಲ."

"ಅಪ್ಪಂದೊಬ್ಬಂದೇ ಅಲ್ಲ ಕಣೋ," ಎಂದೆ. "ಜೋರಾಗಿ ಬಿಡು ಅಂದೋಳು ನಾನು. ಅಮ್ಮ ಎದ್ದಳಾ ಅಂತ ನೋಡ್ದೆ ಬಿಡು ಅಂದೋಳೂ ನಾನು. ಗಾಡಿ ಮಾರೋದಾದ್ರೆ ಈ ಫೋನೂ ಮಾರ್ಬೇಕು."

ತಮ್ಮ ಏನೋ ಹೇಳಲು ಬಾಯಿ ತೆರೆದ. ಅಮ್ಮ ಅವನ ಕಡೆ ಕೈ ಎತ್ತಿ ತಡೆದಳು. ಅದೇ ಕೈ.

"ಸತ್ತಿದ್ರೆ ಸಾಯ್ಬೇಕಾಗಿದ್ದೋಳು ನಾನು. ನನ್ನ ಕೇಳಿದ್ರಾ ಯಾರಾದ್ರೂ? ಅಪ್ಪ ಮಗಳು ಸೇರಿ ನನ್ನ ನಿಂಬೆಹಣ್ಣಿನ ಜೊತೆ ಸೇರಿಸ್ತಿದ್ರಿ, ಈಗ ನ್ಯಾಯ ಮಾತ್ರ ನೀವೇ ಹೇಳ್ಕೋತೀರಾ?" ಅಪ್ಪನ ಕಡೆ ತಿರುಗಿದಳು. "ರೀ, ನಾಳೆಯಿಂದ ಮತ್ತೆ ಡ್ರೈವಿಂಗ್ ಕ್ಲಾಸಿಗೆ ಹೋಗಿ. ಅವರು ಸರಿ ಅಂದ್ಮೇಲೆ ಕೀ ನಾನೇ ಕೊಡ್ತೀನಿ, ರಾಗಿ ಡಬ್ಬದಿಂದ ಎತ್ತಿ ಬೀರುವಿಗೆ ಹಾಕಿದ್ದೀನಿ. ಆಟೋದಲ್ಲಿ ಕೂತು ಕೂತು ಮಂಡಿ ಇನ್ನೂ ನೋಯ್ತಿದೆ ನಂಗೆ. ಮಾರೋದಂತೆ!" ಆಮೇಲೆ ನನಗೆ: "ನೀನು ಗಾಡಿ ಹತ್ರ ಫೋನ್ ಹಿಡ್ಕೊಂಡು ಬಂದೆ ಅಂದ್ರೆ ನೋಡು."

ತಮ್ಮ ಅಡುಗೆಮನೆಯ ರಾಗಿ ಡಬ್ಬದ ಕಡೆ ಪೆಚ್ಚಾಗಿ ನೋಡಿದ. ಅಪ್ಪ ಮೂರು ದಿನದ ಮೇಲೆ ಮೊದಲ ಸಲ ಇನ್ನೊಂದು ದೋಸೆ ಇದೆಯಾ ಎಂದು ಕೇಳಿದ.

ಸುಂಕದಕಟ್ಟೆಯ ಕ್ಲಾಸಿನಲ್ಲಿ ಕಾಲೇಜು ಹುಡುಗರ ನಡುವೆ ಅಪ್ಪ ಮತ್ತೆ ಮೂರು ವಾರ ಕಲಿತ. ಕಲಿಸುವ ಹುಡುಗಿ ಅವನನ್ನು ಖಾಲಿ ಮೈದಾನದಲ್ಲಿ ನಿಲ್ಲಿಸಿ, ಬರೀ ಕಾಲು ಬದಲಿಸುವುದನ್ನೇ ದಿನಕ್ಕೆ ನೂರು ಸಲ ಮಾಡಿಸುತ್ತಿದ್ದಳಂತೆ. ಮನೆಯಲ್ಲಿ ಪೇಪರ್ ಓದುವಾಗಲೂ ಅವನ ಬಲಗಾಲು ನೆಲದ ಮೇಲೆ ಅತ್ತಿಂದಿತ್ತ ಓಡಾಡುತ್ತಿತ್ತು.

ಹೋದ ಭಾನುವಾರ ಕೆಂಗೇರಿಗೆ ಹೊರಟೆವು. ಅಮ್ಮ ಮುಂದೆ, ನಾನು ಹಿಂದೆ, ತೊಡೆಯ ಮೇಲೆ ದೊಡ್ಡಮ್ಮನಿಗೆಂದು ಮಾಡಿದ ಒಬ್ಬಟ್ಟಿನ ಡಬ್ಬ. ಅಪ್ಪ ಗಾಡಿ ಚಾಲೂ ಮಾಡುವ ಮೊದಲು ನಾನು ಇಳಿದು ನಾಲ್ಕೂ ಚಕ್ರದ ಮುಂದೆ ನೋಡಿ ಬಂದೆ. ಅಪ್ಪ ಅಲ್ಲಿಯವರೆಗೂ ಕೀ ತಿರುಗಿಸದೆ ಕಾದ. ರಿಂಗ್ ರೋಡಿಗೆ ಸೇರುವ ತಿರುವಿನಲ್ಲಿ ಹಸುವೊಂದು ಯಾವ ಅವಸರವೂ ಇಲ್ಲದೆ ಅಡ್ಡ ಬಂತು. ಗಾಡಿ ನಿಂತಿತು. ಎಷ್ಟು ಗಟ್ಟಿಯಾಗಿ ಎಂದರೆ ಒಬ್ಬಟ್ಟಿನ ಡಬ್ಬ ಮುಂದಿನ ಸೀಟಿಗೆ ಬಡಿಯಿತು, ಹಿಂದಿನ ಆಟೋದವನು ಹಾರ್ನ್ ಒತ್ತಿ ನಮ್ಮ ಮನೆತನವನ್ನೆಲ್ಲ ನೆನೆದ.

ಹಸು ದಾಟಿತು. ಅಮ್ಮ ಸೆರಗು ಸರಿಮಾಡಿಕೊಂಡು, ರಸ್ತೆ ನೋಡುತ್ತಲೇ ಹೇಳಿದಳು:

"ಹೂಂ. ಇದು ಬ್ರೇಕು."