ಕಿತ್ತಳೆ ಬಣ್ಣದ ನವಿಲುಗರಿ

ಪಕ್ಕದ ಮನೆಯ ಅತ್ತಿಗೆ ಮೊನ್ನೆ ಒಂದು ಸಿ.ಡಿ. ತಂದುಕೊಟ್ಟರು. ಹೋದ ವರ್ಷ ತೀರಿಕೊಂಡ ಅವರ ಗಂಡನ ಟ್ರಂಕಿನಲ್ಲಿತ್ತಂತೆ; ಅವನನ್ನು ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ಮೇಲೆ ಶಿರಸಿಯ ವಿಡಿಯೋ ಮಿಕ್ಸಿಂಗ್ ಅಂಗಡಿಯ ಸ್ಟಿಕ್ಕರ್. ಆ ಅಂಗಡಿಯ ಯಜಮಾನರ ಮೇಲಿನ ಸಿಟ್ಟು ಮತ್ತೆ ನೆತ್ತಿಗೇರಿತು. ಇಪ್ಪತ್ತು ವರ್ಷವಾದರೂ ಆರಿಲ್ಲ, ಆರುವುದೂ ಬೇಡ.

ಏಳನೇ ತರಗತಿಗೆ ಶಾಲೆ ಬಿಟ್ಟವನು ನಾನು. ಕ್ಯಾಮೆರಾ ಹೊತ್ತು ಸಿದ್ದಾಪುರ, ಯಲ್ಲಾಪುರದವರೆಗೂ ಮದುವೆ ಮುಂಜಿ ತೆಗೆದು ಬದುಕಿದೆ. ಅದನ್ನು ಕಂಪ್ಯೂಟರಿಗೆ ಇಳಿಸಿ ಸಿ.ಡಿ. ಮಾಡುವುದು ಯಜಮಾನರ ಕೆಲಸ. ಕ್ಯಾಸೆಟ್ಟೂ ಅವರದೇ, ಒಂದು ಕೆಲಸ ಮುಗಿದರೆ ಅದರ ಮೇಲೆಯೇ ಇನ್ನೊಂದನ್ನು ತುಂಬುವುದು ಆಗಿನ ರೂಢಿ.

ಆ ಸಲ ಹೋಳಿ ಹಬ್ಬಕ್ಕೆ ಅಣ್ಣ ನಮ್ಮ ಶಿರಸಿಯ ಬೇಡರ ವೇಷ ಕಟ್ಟಿದ್ದ. ಕೆಂಪು ಬಟ್ಟೆ, ಬೆನ್ನಿಗೆ ನವಿಲುಗರಿಯ ಬೀಸಣಿಗೆ... ತಮಟೆಗೆ ಅವನು ತಿರುಗಿದರೆ ಬೀದಿಯೇ ಹಿಂದೆ ಸರಿಯುತ್ತಿತ್ತು.

"ಮಂಡಿ ಸೋತಿದೆ, ಇದೇ ಕಡೇ ವೇಷ. ಚಂದ ತೆಗಿಯೋ" ಎಂದಿದ್ದ.

ಯಜಮಾನರ ಹೊಸ ಕಂಪ್ಯೂಟರಿನಲ್ಲಿ ನೋಡಿದರೆ ಬಟ್ಟೆ ನೀಲಿ, ಮುಖ ನೀಲಿ, ನವಿಲುಗರಿ ಕಿತ್ತಳೆ.

"ನಿನ್ನ ಕ್ಯಾಮೆರಾ ಕೆಟ್ಟಿದೆ ಮಾರಾಯಾ" ಎಂದರು.

ಕ್ಯಾಮೆರಾವನ್ನು ನೇರ ಟಿ.ವಿ.ಗೆ ಸಿಕ್ಕಿಸಿ ತೋರಿಸಿದೆ. ಕೆಂಪು ಕೆಂಪಾಗಿಯೇ ಇತ್ತು. ಅವರೂ ಕಣ್ಣಾರೆ ಕಂಡರು. ಆದರೆ ಹೊಸ ಯಂತ್ರದ ಮೇಲೆ ಮಾತು ಬರಬಾರದಲ್ಲ... ಸಿ.ಡಿ.ಯನ್ನು ಹಾಗೆಯೇ ಮಾಡಿ, ಅಣ್ಣ ಬಂದಾಗ ನನ್ನೆದುರೇ, "ಇಂವ ತೆಗೆದದ್ದೇ ಹಾಂಗೆ, ನಾ ಎಂತ ಮಾಡ್ಲಿ?" ಎಂದರು. ಕ್ಯಾಸೆಟ್ ಕೊಡಿ, ಅಣ್ಣನ ಮನೆಯ ಟಿ.ವಿ.ಯಲ್ಲೇ ತೋರಿಸುತ್ತೇನೆ ಎಂದೆ. ಅಷ್ಟರಲ್ಲಿ ಅದನ್ನು ಇನ್ನೊಬ್ಬ ಕ್ಯಾಮೆರಾದವನಿಗೆ ಕೊಟ್ಟು, ಮೇಲೆ ಯಾರದೋ ಮದುವೆ ತುಂಬಿಸಿಯಾಗಿತ್ತು.

"ಬೇಡ ಆಗಿದ್ದೆ, ಕೃಷ್ಣನ್ನ ಮಾಡಿ ಕೊಟ್ಯಲ್ಲೋ" ಎಂದ ಅಣ್ಣ. ನಗಲಿಲ್ಲ. ಮಗಳ ಮದುವೆಗೆ ಯಲ್ಲಾಪುರದಿಂದ ಕ್ಯಾಮೆರಾ ತರಿಸಿದ. ನಾನು ಕೈಬೀಸಿಕೊಂಡು ಹೋಗಿ ಉಂಡು ಬಂದೆ.

ಮುಂದೆ ನಾನೇ ಕಂಪ್ಯೂಟರ್ ಕೊಂಡಾಗ ತಿಳಿಯಿತು. ಚಿತ್ರದ ಒಂದೊಂದು ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿ. ಕ್ಯಾಸೆಟ್ಟಿನ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ ಕಾರ್ಡುಗಳಲ್ಲಿ ಕೆಲವು ಕೆಂಪನ್ನು ಮೊದಲು ಕಳಿಸುತ್ತವೆ, ಕೆಲವು ನೀಲಿಯನ್ನು. ಇನ್ನು ಕೆಲವು ಬೆಳಕನ್ನೇ ಬೇರೆ, ಬಣ್ಣವನ್ನೇ ಬೇರೆ ಮಾಡಿ ಕಳಿಸುತ್ತವೆ. ಬರುತ್ತಿರುವುದು ಯಾವ ಕ್ರಮದಲ್ಲಿ ಎಂದು ಕಂಪ್ಯೂಟರಿಗೆ ಹೇಳುವುದು ಡ್ರೈವರ್ ಎಂಬ ಪ್ರೋಗ್ರಾಮು. ಯಜಮಾನರದ್ದು ತಪ್ಪು ಹೇಳುತ್ತಿತ್ತು. ಸೆಟ್ಟಿಂಗಿನಲ್ಲಿ ಒಂದು ಸಾಲು ಬದಲಿಸಿದ್ದರೆ ಸಾಕಿತ್ತು. ಅದು ಗೊತ್ತಿಲ್ಲದ್ದಕ್ಕೆ ನಾನು ಬೈಯುವುದಿಲ್ಲ. ಕಣ್ಣಾರೆ ಕಂಡೂ ನನ್ನ ತಲೆಗೆ ಕಟ್ಟಿದರಲ್ಲ, ಅದಕ್ಕೆ. ಈಗ ಎದುರು ನಿಂತು ಬೈಯೋಣವೆಂದರೆ ಅವರೂ ಇಲ್ಲ.

ಅಣ್ಣ ಎಂದೋ ಎಸೆದಿರಬೇಕೆಂದುಕೊಂಡಿದ್ದ ಆ ಸಿ.ಡಿ.ಯನ್ನು ಮೊನ್ನೆ ಹಾಕಿ ಕೆಂಪು ನೀಲಿಯನ್ನು ಅದಲುಬದಲು ಮಾಡಿದೆ. ಗರಿ ನೀಲಿಯಾಯಿತು. ಅಣ್ಣ ಕೆಂಪು ಬಟ್ಟೆಯಲ್ಲಿ ಗಿರ್ರನೆ ತಿರುಗಿದ. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೊನೆಯವರೆಗೂ ನೋಡಿದರು.

"ಅವ್ರು ಇದ್ದಾಗ ಆಗ್ತಿರ್ಲಿಲ್ವಾ ಇದು?"

ಆಗುತ್ತಿತ್ತು ಅತ್ತಿಗೆ. ಆವತ್ತು ಆ ಅಂಗಡಿಯಲ್ಲೇ ಆಗುತ್ತಿತ್ತು...