ಕಾರೆದೊಡ್ಡಿಗೆ ಬಸ್ಸು ಕರೆದ ಲಿಖಿತಾ

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಹುಟ್ಟಿದವರು ಮೆಲ್ಲಗೆ ಮಾತಾಡುವುದನ್ನು ಕಲಿಯುವುದೇ ಕಷ್ಟ. ಮನೆಯೊಳಗೆ ಎರಡು ಮಗ್ಗ ಬಡಿದುಕೊಳ್ಳುತ್ತಿದ್ದರೆ ಅಡುಗೆಮನೆಯಿಂದ ಉಪ್ಪು ಕೇಳುವುದಕ್ಕೂ ಗಂಟಲು ಎತ್ತಲೇಬೇಕು. ಲಿಖಿತಾ ಬೆಳೆದದ್ದು ಅಂಥ ಮನೆಯಲ್ಲಿ. ಅಪ್ಪ ಬೆಳಗಿನಿಂದ ಸಂಜೆಯವರೆಗೆ ರೇಷ್ಮೆ ಸೀರೆ ನೇಯುತ್ತಾರೆ. ಅಮ್ಮ ಅನಸೂಯಮ್ಮ ಪಕ್ಕದಲ್ಲಿ ಕೂತು ನೂಲು ಸುತ್ತುತ್ತಾ, ಟೀವಿಯಲ್ಲಿ ಜಗಳವಾಡುವ ರಾಜಕಾರಣಿಗಳಿಗೆ ಕೂತಲ್ಲಿಂದಲೇ ಉತ್ತರ ಕೊಡುತ್ತಾರೆ. ಹಾಗಾಗಿ ಮಗಳಿಗೆ ರಾಜಕೀಯದ ಹುಚ್ಚು ಹಿಡಿದದ್ದರಲ್ಲಿ ಅಮ್ಮನ ಪಾಲೂ ಇತ್ತು ಎಂದು ಅಪ್ಪ ಆಗಾಗ ಹೇಳುವುದುಂಟು.

ಲಿಖಿತಾ ಊರಿನ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಳು. ರಾಜ್ಯಶಾಸ್ತ್ರ ಅವಳ ಇಷ್ಟದ ವಿಷಯ. ಮನೆಗೆ ಬಂದ ನೆಂಟರು ಮುಂದೇನು ಮಾಡುತ್ತೀಯ ಎಂದು ಕೇಳಿದರೆ, “ರಾಜಕೀಯ ಮಾಡ್ತೀನಿ” ಅನ್ನುತ್ತಿದ್ದಳು. ನೆಂಟರು ನಗುತ್ತಿದ್ದರು. ಅನಸೂಯಮ್ಮ ಮಾತ್ರ ನಗುತ್ತಿರಲಿಲ್ಲ.

“ನೆಟ್ಟಗೆ ಬ್ಯಾಂಕ್ ಪರೀಕ್ಷೆಗೆ ಓದ್ಕೊ. ರಾಜಕೀಯ ಮಾಡಕ್ಕೆ ನಮ್ಮನೆ ಮುಂದೆ ಯಾವ ಕಾರು ನಿಂತದೆ?”

ಕೊನೆಯ ಸೆಮಿಸ್ಟರಿನಲ್ಲಿ ಎಲ್ಲರೂ ಇಂಟರ್ನ್‌ಶಿಪ್ ಮಾಡಲೇಬೇಕು ಎಂದಾಯಿತು. ತರಗತಿಯ ಚರಣ್ ತನ್ನ ಮಾವನ ಮೆಡಿಕಲ್ ಸ್ಟೋರಿನಲ್ಲಿ ಮಾಡುತ್ತೇನೆಂದು ಹೆಸರು ಕೊಟ್ಟ. ಪಾಠ ಮಾಡುವ ನಿರಂಜನ್ ಸರ್ ಕನ್ನಡಕ ತೆಗೆದು ಅವನನ್ನೇ ನೋಡಿದರು.

“ರಾಜ್ಯಶಾಸ್ತ್ರ ಓದಿ ಮಾತ್ರೆ ಅಂಗಡೀಲಿ ಏನಪ್ಪಾ ಕಲೀತೀಯ?”

“ಅಲ್ಲೂ ಜನ ಬತ್ತಾರೆ ಸಾ” ಅಂದ ಚರಣ್. ಇಡೀ ತರಗತಿ ನಕ್ಕಿತು, ನಿರಂಜನ್ ಸರ್ ಕೂಡ.

ಲಿಖಿತಾ ಮೊದಲು ಹೋದದ್ದು ಬಸ್ ನಿಲ್ದಾಣದ ಹತ್ತಿರವಿದ್ದ ಒಬ್ಬ ಪುಢಾರಿಯ ಕಚೇರಿಗೆ. ಅಲ್ಲಿ ಕಾನೂನು, ಯೋಜನೆ, ಜನರ ಅರ್ಜಿ ಎಲ್ಲ ನೋಡಬಹುದು ಎಂದುಕೊಂಡಿದ್ದಳು. ಅವಳಿಗೆ ಸಿಕ್ಕ ಕೆಲಸವೇ ಬೇರೆ. ಬೆಳಗ್ಗೆ ಎದ್ದ ಕೂಡಲೇ ಪುಢಾರಿಯ ಫೋಟೋ ಇರುವ ಶುಭೋದಯದ ಚಿತ್ರವನ್ನು ಎಲ್ಲ ವಾಟ್ಸಾಪ್ ಗುಂಪುಗಳಿಗೂ ಹಾಕಬೇಕು. ಆಮೇಲೆ ಯಾರ ಹುಟ್ಟುಹಬ್ಬ, ಯಾರ ಗೃಹಪ್ರವೇಶ ಎಂದು ವಿಚಾರಿಸಿ ಫ್ಲೆಕ್ಸ್ ಅಂಗಡಿಗೆ ಫೋನ್ ಮಾಡಬೇಕು. ಸಭೆಯಲ್ಲಿ ಕುರ್ಚಿ ಖಾಲಿ ಇದ್ದರೆ ಹೋಗಿ ಕೂರಬೇಕು. ಒಂದು ವಾರ ಕೂತಳು. ಎರಡನೇ ವಾರ ನಿರಂಜನ್ ಸರ್ ಹತ್ತಿರ ಹೋಗಿ, “ಸರ್, ಕೂತು ಕೂತು ಸಾಕಾಯ್ತು, ಓಡಾಡೋ ಕೆಲಸ ಇದ್ರೆ ಕೊಡಿಸಿ” ಎಂದಳು.

ಅವರು ಅವಳನ್ನು ಹನೂರು ತಾಲ್ಲೂಕಿನ ಕಾರೆದೊಡ್ಡಿ ಗ್ರಾಮ ಪಂಚಾಯಿತಿಗೆ ಕಳಿಸಿದರು. ಕೊಳ್ಳೇಗಾಲದಿಂದ ರಾಮಾಪುರದವರೆಗೆ ಬಸ್ಸು. ಅಲ್ಲಿಂದಾಚೆ ಕಾಡಂಚಿನ ರಸ್ತೆಗೆ ಬಸ್ಸಿಲ್ಲ. ಮೂರ್ತಿ ಎಂಬಾತನ ಆಟೋವೇ ಗತಿ. ಆ ಆಟೋದಲ್ಲಿ ಜನ, ಮೂಟೆ, ಕೋಳಿ ಎಲ್ಲ ತುಂಬಿದ ಮೇಲೆ ಉಳಿದ ಜಾಗದಲ್ಲಿ ಮೂರ್ತಿ ತಾನು ಕೂರುತ್ತಿದ್ದ.

ಪಂಚಾಯಿತಿ ಅಧ್ಯಕ್ಷೆ ದೊಡ್ಡತಾಯಮ್ಮ, ಮೇಗಲ ಪೋಡಿನ ಸೋಲಿಗರ ಹೆಣ್ಣುಮಗಳು. ಪೋಡು ಎಂದರೆ ಕಾಡಿನೊಳಗಿನ ಸೋಲಿಗರ ಹಾಡಿ. ದೊಡ್ಡತಾಯಮ್ಮ ಒಂದು ಕಾಲಕ್ಕೆ ಜೇನು, ನೆಲ್ಲಿಕಾಯಿ ತಂದು ಮಾರುತ್ತಿದ್ದವರು, ಈಗ ಎರಡನೇ ಸಲ ಗೆದ್ದು ಅಧ್ಯಕ್ಷರಾಗಿದ್ದರು. ಲಿಖಿತಾಳನ್ನು ಮೇಲಿನಿಂದ ಕೆಳಗೆ ನೋಡಿ, “ಏನ್ ಕಲಿಯಕ್ಕ ಬಂದಿದ್ದಿಯವ್ವ?” ಎಂದು ಕೇಳಿದರು.

“ರಾಜಕೀಯ.”

“ಅಂಗಾರ ಮೊದ್ಲು ಊಟ ಮಾಡು. ಕಲಿಯದು ಆಮೇಕ.”

ಅವಳು ಹೋದ ದಿನಗಳಲ್ಲೇ ಪಂಚಾಯಿತಿಗೆ ಒಂದು ಚಿಂತೆ ಹತ್ತಿಕೊಂಡಿತ್ತು. ಜನ ಬಾರದೆ ಗ್ರಾಮಸಭೆ ಎರಡು ಸಲ ಮುಂದೆ ಹೋಗಿತ್ತು. ಊರಿನ ಕೆಲಸಗಳನ್ನು ಊರಿನವರೇ ಕೂತು ತೀರ್ಮಾನಿಸುವ ಸಭೆ ಅದು. ಇಷ್ಟು ಜನ ಇರಲೇಬೇಕು ಎಂದು ನಿಯಮ. ಮೂರನೇ ಸಲವೂ ಹೀಗಾದರೆ ಮೇಲಿನವರಿಗೆ ಏನು ಉತ್ತರ ಹೇಳಲಿ ಎಂದು ಪಂಚಾಯಿತಿಯ ಅಧಿಕಾರಿ ಪಿಡಿಓ ಸಾಹೇಬರು ತಲೆ ಮೇಲೆ ಕೈ ಹೊತ್ತಿದ್ದರು. ಅದರ ಮೇಲೆ, ಆಟೋದಲ್ಲಿ ಪ್ರಚಾರ ಮಾಡುವವನ ಗಂಟಲು ಕಟ್ಟಿತ್ತು.

“ನಾನು ಮಾಡ್ತೀನಿ” ಎಂದಳು ಲಿಖಿತಾ.

ಮೂರ್ತಿಯ ಆಟೋ ತಲೆಗೆ ಮೈಕ್ ಕಟ್ಟಿದರು. ಪಿಡಿಓ ಬರೆದುಕೊಟ್ಟದ್ದನ್ನು ಲಿಖಿತಾ ಓದಿದಳು. “ಸಮಸ್ತ ನಾಗರಿಕ ಬಂಧುಗಳು ತಪ್ಪದೆ ಭಾಗವಹಿಸಿ ಗ್ರಾಮಸಭೆಯನ್ನು ಯಶಸ್ವಿಗೊಳಿಸಬೇಕೆಂದು ಈ ಮೂಲಕ ಕೋರಲಾಗಿದೆ.” ದನಿ ಗುಡ್ಡಕ್ಕೆ ಬಡಿದು ವಾಪಸ್ಸು ಬರುವಷ್ಟು ದೊಡ್ಡದಾಗಿತ್ತು. ಕಾರೆದೊಡ್ಡಿಯ ನಲ್ಲಿ ಹತ್ತಿರ ಹೆಂಗಸೊಬ್ಬಳು ಬಿಂದಿಗೆ ಇಳಿಸಿ ಆಟೋಗೆ ಕೈ ಅಡ್ಡ ಹಿಡಿದಳು.

“ಈರುಳ್ಳಿ ಕೆಜಿ ಏಟವ್ವ?”

ಮೂರ್ತಿ ಮುಖ ಆ ಕಡೆ ತಿರುಗಿಸಿಕೊಂಡು ನಕ್ಕ. ಲಿಖಿತಾ ಇಳಿದು, ಇದು ಈರುಳ್ಳಿಯಲ್ಲ, ಸಭೆ ಎಂದು ವಿವರಿಸಿದಳು. ನಲ್ಲಿಯ ಸುತ್ತ ಇದ್ದವರಿಗೆ ಸಭೆಯ ಮೇಲೆ ಯಾವ ಆಸೆಯೂ ಕಾಣಲಿಲ್ಲ. ಮೇಗಲ ಪೋಡಿನಿಂದ ಬಂದು ರಾಮಾಪುರದಲ್ಲಿ ಪಿಯುಸಿ ಓದುತ್ತಿದ್ದ ಮಂಗಳ ಅಲ್ಲೇ ನಿಂತಿದ್ದಳು. ಅವಳು ಮೆಲ್ಲಗೆ ಹೇಳಿದಳು.

“ಅಕ್ಕ, ಸಭೇಲಿ ಬಸ್ ಕೇಳ್ಬೌದಾ? ಸಂಜ ಆದ್ರ ದಾರೀಲಿ ಆನ ನಿಂತಿರ್ತವ. ಅದ್ಕೇಯ ನಾವು ಪೋಡಿನ್ ಹುಡ್ಗೀರು ಕೊನೆ ಪಿರಿಡ್ ಬುಟ್ಟು ಬಂದ್ಬುಡ್ತೀವಿ.”

“ಹೆಂಗಸ್ರಿಗ ಬಸ್ಸು ಫ್ರೀ ಅಂತವ್ರ” ಎಂದಳು ಬಿಂದಿಗೆಯ ಹೆಂಗಸು. “ಬಸ್ಸೇ ಬರ್ದಿದ್ ಮ್ಯಾಕ ಫ್ರೀ ಆದ್ರೇನು, ಕಾಸಾದ್ರೇನು?”

ಎಲ್ಲರೂ ನಕ್ಕರು. ಲಿಖಿತಾ ನಗಲಿಲ್ಲ. ಬರೆದುಕೊಟ್ಟದ್ದನ್ನು ಮಡಚಿ ಸೀಟಿನ ಕೆಳಗೆ ತುರುಕಿ ಮೈಕ್ ಹಿಡಿದಳು. “ಗ್ರಾಮಸಭೆಗೆ ಬನ್ನಿ. ಬಸ್ಸಿನ ವಿಚಾರ ಮಾತಾಡೋಣ.” ಕಾರೆದೊಡ್ಡಿಯಲ್ಲಿ ಹೀಗೆ ಕೂಗಿದಳು. ಮುಂದಿನ ಊರಿನಲ್ಲಿ ಜನ ಬಾಗಿಲಿಗೆ ಬಂದು ಕೇಳಿಸಿಕೊಂಡರು. ಅವಳಿಗೆ ಹುರುಪು ಬಂತು. ಗಡಿಯಾಚೆಯಿಂದ ಬಂದು ನೆಲೆಸಿದವರ ಕೇರಿಯಲ್ಲಿ ಅಜ್ಜಿಯಿಂದ ಕಲಿತ ತಮಿಳಿನಲ್ಲೂ ಕೂಗಿದಳು. ಮೇಗಲ ಪೋಡು ತಲುಪುವ ಹೊತ್ತಿಗೆ ಮಾತು ಸವೆದು ಸವೆದು ಇಷ್ಟಾಗಿತ್ತು: “ನಿಮ್ಮೂರಿಗೆ ಬಸ್ಸು ಬರುತ್ತೆ. ಗ್ರಾಮಸಭೆಗೆ ಬನ್ನಿ.”

ವಾಪಸ್ಸು ಬರುವಾಗ ಮೂರ್ತಿ ಹಿಂದೆ ತಿರುಗಿ ನೋಡಿದ. “ಮೇಡಮ್ಮಾರೆ, ಬಸ್ ಬತ್ತದ ಅಂದ್ಬುಟ್ರಲ್ಲ?”

“ಅಂದ್ನಾ?”

“ಎಲ್ಡ್ ಊರಲ್ ಅಂದ್ರಿ. ಬಸ್ ಬಂದ್ರ ನನ್ನಾಟೋ ಗತಿ ಏನು ಅಂತ ನಾನು ಲೆಕ್ಕ ಆಕ್ತಾ ಇವ್ನಿ.”

ಸಭೆಯ ದಿನ ಶಾಲೆಯ ಮುಂದಿನ ಹೊಂಗೆ ಮರದ ನೆರಳು ಸಾಲಲಿಲ್ಲ. ಜನ ಗೋಡೆ ಮೇಲೆ, ಕಟ್ಟೆ ಮೇಲೆ, ಮೂರ್ತಿಯ ಆಟೋದೊಳಗೆ ಕೂತರು. ಪಿಡಿಓ ಸಾಹೇಬರ ಮುಖ ಹಬ್ಬದ ಮನೆಯಂತಾಗಿತ್ತು. ಆದರೆ ಕೆಲವರು ಒಳಗೆ ಬಾರದೆ ರಸ್ತೆಯಲ್ಲೇ ನಿಂತು ರಾಮಾಪುರದ ಕಡೆ ನೋಡುತ್ತಿದ್ದರು. ಮೇಗಲ ಪೋಡಿನ ಹಿರಿಯ ಬೆಳ್ಳಯ್ಯ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದಿದ್ದರು. ಬಸ್ಸು ಬರುತ್ತದಂತೆ ಎಂಬ ಸುದ್ದಿ ಕಾರೆದೊಡ್ಡಿಗೂ ಮುಟ್ಟಿತ್ತು; ಈರುಳ್ಳಿ ಕೇಳಿದ್ದ ಹೆಂಗಸಿನ ಕೈಯಲ್ಲಿ ತೆಂಗಿನಕಾಯಿ, ಒಂದು ಮೊಳ ಹೂವು ಇತ್ತು.

“ಎಷ್ಟೊತ್ತಿಗವ್ವ ಬಸ್ಸು?” ಎಂದು ಬೆಳ್ಳಯ್ಯ ಕೇಳಿದರು.

ದೊಡ್ಡತಾಯಮ್ಮ ನಿಧಾನಕ್ಕೆ ಕತ್ತು ತಿರುಗಿಸಿ ಲಿಖಿತಾಳನ್ನು ನೋಡಿದರು. ಆ ನೋಟಕ್ಕೆ ಅವಳಿಗೆ ಓಡಿಹೋಗಬೇಕೆನಿಸಿತು; ಓಡಿಹೋಗಲಿಕ್ಕೂ ಬಸ್ಸಿರಲಿಲ್ಲ. ಮೈಕ್ ತೆಗೆದುಕೊಂಡು ನಿಂತಳು. ಜೀವನದಲ್ಲಿ ಮೊದಲ ಸಲ ಅವಳ ದನಿ ಸಣ್ಣಗಾಯಿತು.

“ಬಸ್ಸು ಇವತ್ತು ಬರಲ್ಲ. ಬಸ್ಸಿನ ವಿಚಾರ ಮಾತಾಡೋಣ ಅನ್ನಬೇಕಿತ್ತು, ಬಸ್ಸೇ ಬರುತ್ತೆ ಅಂದುಬಿಟ್ಟೆ. ತಪ್ಪು ನಂದು. ಅಧ್ಯಕ್ಷರದ್ದಲ್ಲ.”

ಹೂವು ತಂದಿದ್ದ ಹೆಂಗಸು, “ಕೂಲಿ ಬುಟ್ಟು ಬಂದಿವಿನಿ” ಎಂದು ಎದ್ದು ಹೊರಟೇಬಿಟ್ಟಳು. ಅವಳ ಹಿಂದೆ ಇನ್ನೂ ಕೆಲವರು ಎದ್ದರು. ಬೆಳ್ಳಯ್ಯ ಕೈ ಅಡ್ಡ ಹಿಡಿದರು.

“ಕೂತ್ಕಳಿ ಸುಮ್ನ. ಈ ಕೂಸು ದಿಟ ಏಳಿದ್ರ ನಾವ್ಯಾರೂ ಬತ್ತಿರ್ಲಿಲ್ಲ. ಈಗ ಬಂದಿದ್ದೀವಲ್ಲ, ಆ ಬಸ್ಸು ಯಾಕ ಬರಲ್ಲ ಅಂತಾನಾದ್ರೂ ಕೇಳವ.”

ಹೊರಟವರಲ್ಲಿ ಅರ್ಧ ಜನ ಮತ್ತೆ ಕೂತರು. ಬಸ್ಸು ಬೇಕು ಎಂದು ಸಭೆ ನಿರ್ಣಯ ಮಾಡಿತು. ಮುಗಿದ ಮೇಲೆ ದೊಡ್ಡತಾಯಮ್ಮ ಲಿಖಿತಾಳನ್ನು ಪಕ್ಕಕ್ಕೆ ಕರೆದರು. ಬೈಗುಳಕ್ಕೆ ಅವಳು ಸಿದ್ಧಳಾಗಿದ್ದಳು.

“ಬಾಯ್ ಬುಟ್ಟೋಳು ನೀನು. ಡಿಪೋಗೂ ನೀನೇ ಬರ್ಬೇಕು ಕಣವ್ವ” ಎಂದಷ್ಟೇ ಹೇಳಿದರು.

ಕೊಳ್ಳೇಗಾಲದ ಬಸ್ ಡಿಪೋದಲ್ಲಿ ಮ್ಯಾನೇಜರು ಕುರ್ಚಿ ಕೊಟ್ಟು, ಕಾಫಿ ತರಿಸಿ, ನಿರ್ಣಯವನ್ನು ಪೂರ್ತಿ ಓದಿದರು. ಆ ರಸ್ತೆಯನ್ನು ಅವರು ಮೊದಲೇ ನೋಡಿದ್ದರು. ಹಳ್ಳದ ಹತ್ತಿರದ ತಿರುವು ಬಲು ಕಿರಿದು. ಉದ್ದನೆಯ ಗಾಡಿ ತಿರುಗುವುದಿಲ್ಲ. “ತಿರುವು ಅಗಲ ಮಾಡ್ಸಿ, ನಾನೇ ಬಂದು ನೋಡ್ತೀನಿ. ಬಸ್ಸಿಗೇನು ರೆಕ್ಕೆ ಇದೆಯಾಮ್ಮ?” ಎಂದರು. ಲಿಖಿತಾ ವಾದ ಮಾಡುವ ತಯಾರಿಯಲ್ಲಿ ಹೋಗಿದ್ದಳು. ವಾದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ.

ಉದ್ಯೋಗ ಖಾತ್ರಿಯಲ್ಲಿ ತಿರುವು ಅಗಲ ಮಾಡಿಸಬಹುದು ಎಂದು ಪಿಡಿಓ ಹೇಳಿದರು. ಆದರೆ ತಿರುವಿನ ಒಳಮೂಲೆ ಪುಟ್ಟಮಾದಪ್ಪನವರ ರಾಗಿ ಹೊಲ. ಒಂದು ಪಟ್ಟಿ ನೆಲ ಬಿಟ್ಟುಕೊಡಬೇಕು. ಲಿಖಿತಾ ಹೊಲದ ಬದುವಿನ ಮೇಲೆ ನಿಂತು ಹೆಣ್ಣುಮಕ್ಕಳ ಓದು, ಊರಿನ ಭವಿಷ್ಯ ಎಲ್ಲ ಹೇಳಿದಳು. ಪುಟ್ಟಮಾದಪ್ಪ ಎಲ್ಲವನ್ನೂ ಕೇಳಿ ಬೀಡಿ ಹಚ್ಚಿ, “ಚಂದಾಗ್ ಮಾತಾಡ್ತಿ” ಎಂದು ನೇಗಿಲ ಕಡೆ ಹೋದರು. ಮತ್ತೊಂದು ಸಲ ಹೋದಳು. ಅದೇ ಮಾತು, ಅದೇ ಬೀಡಿ.

ಮೂರನೇ ಸಲ ಹೋದಾಗ ಮಳೆ ಬಂದು ನಿಂತಿತ್ತು. ಪುಟ್ಟಮಾದಪ್ಪ ಸನಿಕೆ ಹಿಡಿದು ಹೊಲದೊಳಗೆ ನುಗ್ಗಿದ ಕೆಂಪು ನೀರನ್ನು ಆಚೆ ತಿರುಗಿಸಲು ಒದ್ದಾಡುತ್ತಿದ್ದರು. ಈ ಸಲ ಅವಳು ಭಾಷಣ ಮಾಡಲಿಲ್ಲ. “ನೀರು ಎಲ್ಲಿಂದ ಬತ್ತದೆ?” ಎಂದು ಕೇಳಿದಳು.

“ರಸ್ತೆಯಿಂದ. ರಸ್ತೆ ಮಾಡ್ದೋರು ಚರಂಡಿ ಮಾಡ್ನಿಲ್ಲ. ಒಂದ್ ಮಳಗ ನನ್ ಪೈರೆಲ್ಲ ಓಯ್ತದ. ಯಾರ್ ಕೇಳಾರು?”

ಲಿಖಿತಾ ಅಲ್ಲಿಂದಲೇ ದೊಡ್ಡತಾಯಮ್ಮನಿಗೆ ಫೋನ್ ಮಾಡಿದಳು. ಅವರು ಬಂದರು. ಮೂವರೂ ಹೊಲದ ಅಂಚಿನಲ್ಲಿ ನಿಂತೇ ಮಾತಾಡಿಕೊಂಡರು. ಪಂಚಾಯಿತಿ ಕಲ್ಲು ಚರಂಡಿ ಕಟ್ಟಿಸಿ ನೀರನ್ನು ಹಳ್ಳಕ್ಕೆ ಬಿಡಬೇಕು, ಪುಟ್ಟಮಾದಪ್ಪ ಮೂಲೆ ಬಿಡಬೇಕು. ಚರಂಡಿ ಮೊದಲು, ಮೂಲೆ ಆಮೇಲೆ ಎಂದು ಪುಟ್ಟಮಾದಪ್ಪ ಪಟ್ಟು ಹಿಡಿದರು. ದೊಡ್ಡತಾಯಮ್ಮ ಒಪ್ಪಿದರು. ರಾಮಾಪುರಕ್ಕೆ ವಾಪಸ್ಸು ಹೋಗುವಾಗ ಲಿಖಿತಾಗೆ ಕಾಲು ನೆಲದ ಮೇಲೆ ಇರಲಿಲ್ಲ. ಪುಸ್ತಕದಲ್ಲಿ ಓದಿದ ಒಪ್ಪಂದ, ಸಂಧಾನ ಎಂಬ ಪದಗಳಿಗೆ ಕೆಸರಿನ ವಾಸನೆ ಇರುತ್ತದೆಂದು ಅವತ್ತು ಗೊತ್ತಾಯಿತು.

ಇಂಟರ್ನ್‌ಶಿಪ್ ಮುಗಿದು ನಿರಂಜನ್ ಸರ್ ಸಹಿ ಹಾಕಿ ಆಗಿತ್ತು. ಆದರೂ ರಜೆ ಸಿಕ್ಕಾಗಲೆಲ್ಲ ಅವಳು ಕಾರೆದೊಡ್ಡಿಗೆ ಹೋಗುತ್ತಿದ್ದಳು. ಚರಂಡಿಯಾಯಿತು, ತಿರುವು ಅಗಲವಾಯಿತು. ಡಿಪೋ ಮ್ಯಾನೇಜರು ಮಾತಿನಂತೆ ಬಂದು ನೋಡಿದರು. ಮೇಗಲ ಪೋಡಿನಲ್ಲಿ ಮಾತ್ರ ಬಸ್ಸು ತಿರುಗಿಸಲು ಜಾಗವಿರಲಿಲ್ಲ, ಸುತ್ತ ಕಾಡು. ಕಾರೆದೊಡ್ಡಿಯವರೆಗೆ, ಬೆಳಗ್ಗೆ ಒಂದು, ಸಂಜೆ ಒಂದು ಎಂದು ತೀರ್ಮಾನವಾಯಿತು. ಪೋಡಿನ ಹುಡುಗಿಯರು ಅಲ್ಲಿಂದ ನಡೆಯಬೇಕು, ಆದರೆ ದಾರಿ ಅರ್ಧಕ್ಕಿಂತ ಕಡಿಮೆಯಾಗಿತ್ತು. ಅವರು ಬಸ್ಸಿಳಿಯುವ ಹೊತ್ತಿಗೆ ಬೆಳ್ಳಯ್ಯ ಇನ್ನಿಬ್ಬರನ್ನು ಕರೆದುಕೊಂಡು ಬಂದು ನಿಲ್ಲುತ್ತೇನೆ ಎಂದರು. ಮಂಗಳಳ ಕೊನೆಯ ಪಿರಿಡ್ ಉಳಿಯಿತು.

ಬಸ್ಸು ಮೊದಲ ಸಲ ಬಂದ ದಿನ ಲಿಖಿತಾ ಅದರಲ್ಲೇ ಬಂದಿಳಿದಳು. ಇಳಿದವಳೇ ನಿಂತುಬಿಟ್ಟಳು. ನಿಲ್ದಾಣದ ಎದುರು ದೊಡ್ಡ ಫ್ಲೆಕ್ಸ್: ಬಸ್ಸು ತಂದುಕೊಟ್ಟ ಜನನಾಯಕರಿಗೆ ಅಭಿನಂದನೆಗಳು. ಫೋಟೋದಲ್ಲಿ ಕೈಮುಗಿದು ನಗುತ್ತಿದ್ದವರು ಕೊಳ್ಳೇಗಾಲದ ಅದೇ ಪುಢಾರಿ.

“ಇವ್ರು ಈ ರಸ್ತೇನೇ ನೋಡಿಲ್ಲ” ಎಂದಳು; ಮುಖ ಕೆಂಪಾಗಿತ್ತು.

ದೊಡ್ಡತಾಯಮ್ಮ ಫ್ಲೆಕ್ಸನ್ನು ಒಮ್ಮೆ ನೋಡಿದರು. “ಇರ್ಲಿ ಬುಡು. ಮಳ ಬಿಸ್ಲಿಗ ಪಟ ಏಸ್ ದಿನ ಬಾಳ್ತದ? ನೀ ಆ ಬಸ್ಸು ನಿಲ್ದಂಗ ನೋಡ್ಕ.”

ಮೂರ್ತಿಯ ಆಟೋ ನಿಲ್ಲಲಿಲ್ಲ. ಬಸ್ಸಿಲ್ಲದ ಹೊತ್ತಿನಲ್ಲಿ ಓಡುತ್ತದೆ. ಮದುವೆಗೆ, ಆಸ್ಪತ್ರೆಗೆ, ಪ್ರಚಾರಕ್ಕೆ ಮೊದಲಿಗಿಂತ ಹೆಚ್ಚೇ ಕರೆ ಬರುತ್ತವೆ. ಆ ಪ್ರಚಾರಗಳಲ್ಲಿ ಹಲವಕ್ಕೆ ದನಿ ಲಿಖಿತಾಳದ್ದು. ಡಿಗ್ರಿ ಮುಗಿದ ಮೇಲೆ ಅವಳು ದೂರಶಿಕ್ಷಣದಲ್ಲಿ ಎಂ.ಎ. ಸೇರಿಕೊಂಡಳು. ಪಂಚಾಯಿತಿಯ ಹೊಸ ಸದಸ್ಯೆಯರಿಗೆ ಸಭೆ ನಡೆಸುವುದನ್ನು ಹೇಳಿಕೊಡುವ ತರಬೇತಿ ಕೆಲಸ ಸಿಕ್ಕಿದೆ. ಹನೂರು, ಯಳಂದೂರು ಎಂದು ಬ್ಯಾಗು ಹೊತ್ತು ಓಡಾಡುತ್ತಾಳೆ. ಕಾಲೇಜಿನ ಕಿರಿಯರು ಫೋನ್ ಮಾಡಿ ರಾಜಕೀಯ ಕಲಿಯಲು ಎಲ್ಲಿಗೆ ಹೋಗಬೇಕು ಎಂದು ಕೇಳಿದರೆ, ಗ್ರಾಮಸಭೆ ಯಾವತ್ತಿದೆ ಎಂದು ವಿಚಾರಿಸಿ ಅಲ್ಲಿಗೇ ಕಳಿಸುತ್ತಾಳೆ.

ಈಚೆಗೆ ನಗರಸಭೆ ಚುನಾವಣೆಗೆ ತನ್ನ ವಾರ್ಡಿನಿಂದ ನಿಲ್ಲುವ ಯೋಚನೆ ಅವಳ ತಲೆಯಲ್ಲಿ ಸುಳಿಯುತ್ತಿತ್ತು. ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ; ತಂದಿಟ್ಟಿದ್ದ ವಾರ್ಡಿನ ಮತದಾರರ ಪಟ್ಟಿ ಮಾತ್ರ ಮಗ್ಗದ ಪಕ್ಕದಲ್ಲಿ ಬಿದ್ದಿತ್ತು. ಒಂದು ದಿನ ಯಳಂದೂರಿನಿಂದ ಬಂದು ಬೀದಿ ತಿರುಗುತ್ತಿದ್ದಾಗ, ಮೂಲೆ ಮನೆಯ ಹನುಮಯ್ಯ ಜಗಲಿಯಿಂದ ಕೂಗಿದರು.

“ಏನಮ್ಮಾ, ನಿಮ್ ತಾಯಿ ಬಂದು ಹೇಳಿ ಹೋದ್ರು, ನಮ್ಮನೆ ನಾಲ್ಕು ಓಟೂ ನಿಂಗೇ ಅಂತೆ?”

ಲಿಖಿತಾ ದಂಗಾಗಿ ನಿಂತಳು. ಮುಂದೆ ನೋಡಿದರೆ, ಅನಸೂಯಮ್ಮ ನೂಲಿನ ಕೈ ಒರೆಸಿಕೊಳ್ಳುತ್ತಾ ಎದುರು ಸಾಲಿನ ಐದನೇ ಮನೆಯ ಬಾಗಿಲು ಬಡಿಯುತ್ತಿದ್ದರು. ಚುನಾವಣೆ ಯಾವಾಗ ಎಂದು ಇನ್ನೂ ಯಾರಿಗೂ ಗೊತ್ತಿರಲಿಲ್ಲ.